ಹಡಗಿಗೆ ಎರಡೇ ಅಕ್ಷರ

ದಾಖಲೆ ಕೋಣೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮಾತಾಡಿಸಲು ಬಂದಾಗ ಮುಖ ಸಣ್ಣದು ಮಾಡಿಕೊಂಡೇ ಬರುತ್ತಾರೆ. "ಇದರಾಗ ಏನೈತ್ರಿ ಸರ, ಕುಂತು ಬರಿಯೋದು, ಕಟ್ಟಿ ಇಡೋದು" ಅನ್ನುತ್ತಾರೆ. ನಾನು ನಿವೃತ್ತನಾದದ್ದು ಯಲಬುರ್ಗಾ ತಾಲೂಕಿನ ಒಂದು ಕಚೇರಿಯಿಂದ. ಅಲ್ಲಿಯ ಬಡ್ತಿ, ವರ್ಗಾವಣೆ, ಹಾರ ತುರಾಯಿಗಳನ್ನು ಬರೆಯುವ ಉಮೇದು ನನಗೂ ಇಲ್ಲ, ಓದುವ ಉಮೇದು ನಿಮಗೂ ಇರಲಾರದು. ಕೆಲಸ ಅಂದರೇನು ಎಂದು ನಾನು ಕಲಿತದ್ದು ಅದಕ್ಕೂ ಮೊದಲು, ಎರಡನೇ ಮಹಾಯುದ್ಧದ ಕಾಲದಲ್ಲಿ, ಸಮುದ್ರದ ದಂಡೆಯ ಒಂದು ವಿಮಾನದಳದ ಕಚೇರಿಯಲ್ಲಿ. ಅದನ್ನೇ ಬರೆಯುತ್ತೇನೆ.

ನಮ್ಮೂರು ಬೇವೂರು. ಎರಿ ಹೊಲ, ಜೋಳ, ಗಾಳಿ. ನನಗೆ ಚಿಕ್ಕಂದಿನಿಂದಲೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. "ಈ ಹುಡುಗನ ಕಾಲಾಗ ಗಾಲಿ ಅದಾವ" ಎನ್ನುತ್ತಿದ್ದಳು ಅವ್ವ. ಸಾಲಿ ಕಲಿಯಲೆಂದು ಅಪ್ಪ ನನ್ನನ್ನು ಕೊಪ್ಪಳದಲ್ಲಿ ಬಿಟ್ಟ. ಆಗ ನಮ್ಮ ಕಡೆಯೆಲ್ಲ ನಿಜಾಮನ ರಾಜ್ಯ, ಸಾಲಿಯಲ್ಲಿ ಉರ್ದು. ಕೋಟೆಯ ಕೆಳಗಿನ ಓಣಿಯಲ್ಲಿ ಹುಸೇನಬಿ ಎನ್ನುವವರ ಮನೆಯ ಹಿಂದಿನ ಕೋಣೆಯಲ್ಲಿ ನಾನಿದ್ದೆ. ಗಂಡ ತೀರಿಹೋಗಿದ್ದ. ಹತ್ತಿಯ ಅರಳಿ ಹಿಂಜಿ ಗಾದಿ ಹೊಲಿದು ಅವರು ಸಂಸಾರ ನಡೆಸುತ್ತಿದ್ದರು. ಅವರನ್ನು ನಾನು ಖಾಲಾ, ಅಂದರೆ ಚಿಗವ್ವ, ಎಂದು ಕರೆಯುತ್ತಿದ್ದೆ. ಅವರ ಒಬ್ಬನೇ ಮಗ ದಾವೂದ ನನ್ನ ಓರಗೆಯವ. ನನ್ನ ಕಾಲಿಗಿಂತ ಅವನ ಕಾಲು ಇನ್ನೂ ಚುರುಕು. ನಾವಿಬ್ಬರೂ ಸಂಜೆ ಸ್ಟೇಷನ್ನಿಗೆ ಹೋಗಿ, ಯಾವ ಗಾಡಿ ಎಲ್ಲಿಗೆ ಹೋಗುತ್ತದೆಂದು ಕೇಳಿಕೊಂಡು ಬರುತ್ತಿದ್ದೆವು. ಒಂದು ದಿನ ಅವನು ಕೇಳಿಕೊಂಡು ಬರಲಿಲ್ಲ, ಹೋಗಿಯೇಬಿಟ್ಟ. ಮುಂಬಯಿಯಲ್ಲಿ ಹಡಗು ಸೇರಿ ಬಾಯ್ಲರಿಗೆ ಕಲ್ಲಿದ್ದಲು ಎರಚುವ ಖಲಾಸಿಯಾದ. ಯುದ್ಧ ಶುರುವಾದ ಮೇಲೆ ನಾನು ಸಿಕಂದರಾಬಾದಿಗೆ ಹೋಗಿ ವಾಯುದಳಕ್ಕೆ ಹೆಸರು ಕೊಟ್ಟೆ. ವಿಮಾನ ಹಾರಿಸುತ್ತೇನೆಂದು ಹೋದವನ ಕೈಗೆ ಟೈಪ್‌ರೈಟರ್ ಕೊಟ್ಟರು.

ನಮ್ಮ ದಳದ ಕೆಲಸ ಸಮುದ್ರ ಕಾಯುವುದು. ವಿಮಾನಗಳು ಬೆಳಗ್ಗೆ ಹೊರಟು ತಾಸುಗಟ್ಟಲೆ ನೀರಿನ ಮೇಲೆ ಸುತ್ತಿ, ಎಲ್ಲಿ ಯಾವ ಹಡಗು ಕಂಡಿತು, ಯಾವ ಕಡೆ ಹೊರಟಿತ್ತು, ಶತ್ರುವಿನ ಜಲಾಂತರ್ಗಾಮಿ ಇತ್ತೋ ಎಂದು ಗುರುತು ಹಾಕಿಕೊಂಡು ಬರುತ್ತಿದ್ದವು. ಮೇಲೆ ಅಲುಗಾಡುತ್ತ ಕೂತವನಿಗೆ ಉದ್ದುದ್ದ ಬರೆಯಲು ಪುರುಸೊತ್ತೆಲ್ಲಿ? ಹಡಗಿಗೆ ಎರಡೇ ಅಕ್ಷರ, ನಡುವೆ ಒಂದು ಓರೆಗೆರೆ. ಎಂ/ವಿ ಎಂದರೆ ವ್ಯಾಪಾರದ ಹಡಗು. ಎಸ್/ವಿ ಎಂದರೆ ಹಾಯಿ ಹಡಗು. ಎಲ್/ಬಿ ಎಂದರೆ ಹಡಗು ಮುಳುಗುವಾಗ ಇಳಿಸುವ ಜೀವದ ದೋಣಿ. ಆ ಪೆನ್ಸಿಲಿನ ಗೀಚುಗಳನ್ನು ಬಿಡಿಸಿ, ದಳದ ದಿನವಹಿಯಲ್ಲಿ ಪೂರ್ತಿ ಮಾತಿನಲ್ಲಿ ಟೈಪು ಮಾಡುವುದು ನಮ್ಮ ಕೆಲಸ.

ಕಚೇರಿಯ ಹಿರಿಯರು ಪಿಂಟೋ ಸಾಹೇಬರು. ಮಂಗಳೂರಿನವರು, ವಾರಂಟ್ ಆಫೀಸರು. ನಾನು ಹೋದ ದಿನ ಕನ್ನಡದವನೆಂದು ತಿಳಿದು ಖುಷಿಪಟ್ಟರು.

"ಹಡಗು ನೋಡಿದ್ದುಂಟಾ?" ಎಂದು ಕೇಳಿದರು.

"ಇಲ್ಲರಿ. ಗಂಗಾವತಿ ಕಡೆ ಹ್ವಾದಾಗ ಹೊಳಿಯಾಗ ಹರಗೋಲು ನೋಡೀನ್ರಿ."

ಅವರು ನಗಲಿಲ್ಲ. ಟೋಪಿ ಹಾಕಿಕೊಂಡು ನನ್ನನ್ನು ಬಂದರಿಗೆ ಕರೆದೊಯ್ದರು. ಮಧ್ಯಾಹ್ನದವರೆಗೂ ಒಂದೊಂದನ್ನೇ ತೋರಿಸಿದರು. ಮಂಗಳೂರು ಹಂಚು ಹೇರಿಕೊಂಡು ಬಂದ ದೊಡ್ಡ ಹಾಯಿಯ ಪತ್ತೇಮಾರಿಯೊಂದರ ಮುಂದೆ ನಿಂತು, "ಇದರ ಮೇಲೆ ಮಕ್ಕಳು ಹುಟ್ಟುತ್ತವೆ, ಅನ್ನ ಬೇಯುತ್ತದೆ, ಜಗಳ ಆಗುತ್ತದೆ. ನೀನು ಟೈಪು ಮಾಡುವಾಗ ಎರಡಕ್ಷರ ಮಾತ್ರ ಕಾಣುವುದು. ಮರೆಯಬೇಡ, ಆಯ್ತಾ?" ಎಂದರು. ಆಮೇಲೆ, "ಗೊತ್ತಿಲ್ಲದ್ದನ್ನು ಬಿಡಿಸಬೇಡ. ಬರೆದವನನ್ನು ಹೋಗಿ ಕೇಳು" ಎಂದರು. ಇದೊಂದೇ ಅವರ ಕಾನೂನು. ಇದನ್ನು ಮೀರಿದವರನ್ನು ಅವರು ಬೈಯುತ್ತಿರಲಿಲ್ಲ, ಮಾತು ಬಿಡುತ್ತಿದ್ದರು. ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಆ ಕಾನೂನು ಮುರಿದರೆ ಏನಾಗುತ್ತದೆಂದು ನಮ್ಮ ಜೊತೆಗಾರ ಸುಂದರಂ ಬೇಗ ತೋರಿಸಿಕೊಟ್ಟ. ಒಬ್ಬ ಪೈಲಟ್ ತನ್ನ ಚೀಟಿಯಲ್ಲಿ "ಎ/ಸಿ ಒಂದು, ದಕ್ಷಿಣಕ್ಕೆ" ಎಂದು ಬರೆದಿದ್ದ. ಎ/ಸಿ ಎಂದರೆ ಏರ್‌ಕ್ರಾಫ್ಟ್, ಅಂದರೆ ವಿಮಾನ. ನಮ್ಮದೇ ಯಾವುದೋ ವಿಮಾನ ದೂರದಲ್ಲಿ ಹೋದದ್ದನ್ನು ಕಂಡಿದ್ದ. ಸುಂದರಂನಿಗೆ ಹಡಗುಗಳದ್ದೇ ಗುಂಗು. ಏರ್‌ಕ್ರಾಫ್ಟ್ ಕ್ಯಾರಿಯರ್, ವಿಮಾನಗಳನ್ನೇ ಹೊತ್ತು ತಿರುಗುವ ಯುದ್ಧನೌಕೆ, ಎಂದು ಟೈಪು ಮಾಡಿ ಮೇಲಿನ ಕಚೇರಿಗೆ ಕಳಿಸಿಬಿಟ್ಟ. ನಮ್ಮ ಕರಾವಳಿಯ ಹತ್ತಿರ ಅಂಥ ನೌಕೆ ಯಾರದು, ಎಲ್ಲಿಂದ ಬಂತು? ಮೇಲಿನ ಕಚೇರಿಯಿಂದ ಫೋನಿನ ಮೇಲೆ ಫೋನು. ಇಂಧನ ತುಂಬಿಸಿ ವಿಮಾನಗಳನ್ನು ಸಾಲಾಗಿ ನಿಲ್ಲಿಸಿದರು. ಹಜಾಮತಿಗೆ ಕೂತಿದ್ದ ಒಬ್ಬ ಪೈಲಟ್ ಅರ್ಧ ಗಡ್ಡದಲ್ಲೇ ಓಡಿ ಬಂದ. ಪಿಂಟೋ ಸಾಹೇಬರು ಮೂಲ ಚೀಟಿ ತರಿಸಿ ನೋಡಿ, ಫೋನಿನಲ್ಲಿ ತಣ್ಣಗೆ, "ಅದು ತೇಲುವುದಿಲ್ಲ ಸರ್, ಹಾರುತ್ತದೆ" ಎಂದು ಹೇಳಿ ಇಟ್ಟರು. ಆ ವಾರವೆಲ್ಲ ಸುಂದರಂನ ಹತ್ತಿರ ಅವರು ಮಾತಾಡಲಿಲ್ಲ. ಅವನು ಊಟ ಬಿಟ್ಟು ಅರ್ಧವಾದ.

ಗುಮಾಸ್ತರಿಗೂ ಹಡಗಿನ ಆಕಾರ ಗೊತ್ತಿರಬೇಕು ಎಂದು ಆಗ ತೀರ್ಮಾನವಾಯಿತು. ಗೊಂಬೆ ಹಡಗುಗಳು ಬೇಕೆಂದು ಬರೆದರೆ ಮೇಲಿನವರು ಕಳಿಸಲಿಲ್ಲ. ನಾನು ರಜೆಗೆ ಊರಿಗೆ ಬಂದಾಗ ಕಟ್ಟಿಗೆಯ ಗೊಂಬೆಗೆ ಹೆಸರಾದ ಕಿನ್ನಾಳಕ್ಕೆ ಹೋಗಿ ಒಬ್ಬ ಚಿತ್ರಗಾರರನ್ನು ಕಂಡೆ. ಯುದ್ಧನೌಕೆಯ ಚಿತ್ರ ಹೊರಗೆ ಒಯ್ಯುವಂತಿಲ್ಲ. ವ್ಯಾಪಾರದ ಹಡಗು, ಎಣ್ಣೆ ಹಡಗು, ಪತ್ತೇಮಾರಿ ಇಷ್ಟನ್ನು ಅವರ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ತೋರಿಸಿದೆ. ಅವರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಹಾಕಿದರು. ತರಲು ಹೋದಾಗ ನೋಡುತ್ತೇನೆ, ಪ್ರತಿ ಹಡಗಿನ ಮೂತಿಗೂ ಎರಡೆರಡು ಕಣ್ಣು.

"ಕಣ್ಣು ಎದಕ್ಕ ಬರದ್ರಿ?" ಎಂದೆ.

"ಗರುಡಗೂ ಬರಿತೀವಿ, ಬಸವಣ್ಣಗೂ ಬರಿತೀವಿ. ಅಷ್ಟು ದೂರ ನೀರಾಗ ಹೋಗೋದು, ಕಣ್ಣಿಲ್ಲದ ಹೆಂಗ ಹೋಗಬೇಕ್ರಿ ಅದು?"

ಅಳಿಸಲು ಮನಸ್ಸಾಗಲಿಲ್ಲ. ಪಿಂಟೋ ಸಾಹೇಬರು ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಹೊಸಬರಿಗೆ ಪಾಠ ಮಾಡಿದರು. ಕಣ್ಣಿನ ಬಗ್ಗೆ ಕೇಳಿದವರಿಗೆ, "ಕೊಪ್ಪಳದ ಸಮುದ್ರದಲ್ಲಿ ಹಾಗೆಯೇ ಇರುವುದು" ಎಂದು ಗಂಭೀರವಾಗಿ ಹೇಳುತ್ತಿದ್ದರು.

ಕಿನ್ನಾಳಕ್ಕೆ ಹೋದ ಅದೇ ರಜೆಯಲ್ಲಿ ದಾವೂದನೂ ಊರಿಗೆ ಬಂದಿದ್ದ. ಇಬ್ಬರೂ ಹಳೆಯ ರೂಢಿಯಂತೆ ಸ್ಟೇಷನ್ ಕಡೆ ನಡೆದೆವು. ಅವನು ತನ್ನ ಹಡಗಿನ ಹೆಸರು ಹೇಳಿದ. ಎಂಜಿನ್ ಮನೆಯ ಸೆಕೆ ಹೇಳಿದ. "ಬೇವೂರ ಬ್ಯಾಸಗಿ ಏನೂ ಅಲ್ಲೋ, ಅದು ನೆರಳು" ಎಂದ. "ನೀ ಏನು ಬರಿತೀ?" ಎಂದು ಕೇಳಿದಾಗ, "ಕಾಗದ" ಎಂದಷ್ಟೇ ಹೇಳಿದೆ. ನಮ್ಮ ಕಚೇರಿಯಲ್ಲಿ ಕಂಡದ್ದು ಓದಿದ್ದು ಹೊರಗೆ ಆಡುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೆವು.

ನಾನು ಕೆಲಸಕ್ಕೆ ಮರಳಿದ ಮೇಲೆ, ಮುಂದಿನ ರಜೆ ಹತ್ತಿರ ಬಂದಿದ್ದಾಗ, ಒಂದು ಮುಂಜಾನೆ ನಿಸ್ತಂತುವಿನಲ್ಲಿ ಒಂದು ವ್ಯಾಪಾರದ ಹಡಗಿನ ಕೂಗು ಬಂತು. ಜಲಾಂತರ್ಗಾಮಿ ಹೊಡೆದಿದೆ, ಮುಳುಗುತ್ತಿದ್ದೇವೆ ಎಂದು. ಹೆಸರು ಓದಿದೆ. ದಾವೂದ ಹೇಳಿದ್ದ ಹೆಸರು.

ನಮ್ಮದೊಂದು ವಿಮಾನ ಹುಡುಕಲು ಹೋಯಿತು. ಅದರಲ್ಲಿದ್ದವರು ಬೇರೆ ದಳದಿಂದ ಹೊಸದಾಗಿ ಬಂದವರು. ತಿರುಗಿ ಬರುವಾಗ ಅದರ ಎಂಜಿನ್ ಕೆಟ್ಟು, ಇಳಿಯುವ ಪಟ್ಟಿಯ ಆಚೆ ಹೋಗಿ ಬಿತ್ತು. ಪೈಲಟ್ ಅಲ್ಲೇ ತೀರಿಕೊಂಡ. ಪಕ್ಕದಲ್ಲಿ ಕೂತು ದಾರಿಯ ಲೆಕ್ಕ ಹಾಕುತ್ತಿದ್ದ ನ್ಯಾವಿಗೇಟರ್, ಗುರುಬಕ್ಷ್ ಸಿಂಗ್ ಎಂಬ ಪಂಜಾಬಿನ ಹುಡುಗ, ಎಚ್ಚರ ತಪ್ಪಿದ ಸ್ಥಿತಿಯಲ್ಲಿದ್ದ. ಅವನನ್ನು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಸಾಗಿಸಿದರು. ಕೈಗೆ ಸಿಕ್ಕದ್ದು ಅವನು ಬರೆದಿದ್ದ ಒಂದು ಚೀಟಿ. ಅದನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಎಂ/ವಿ ಮುಳುಗುತ್ತಿದೆ. ಎಲ್/ಬಿ ಒಂದು, ಖಾಲಿ. ಎಸ್/ವಿ ಒಂದು, ಮೂರು ಮೈಲಿ ಆಚೆ."

ನಮ್ಮ ದಳದಲ್ಲಿ ಎಸ್/ವಿ ಎಂದರೆ ಹಾಯಿ ಹಡಗು. ಆದರೆ ಆ ಹುಡುಗರು ಬಂದ ದಳದಲ್ಲಿ ಕೆಲವರು ನೀರಿನಲ್ಲಿ ತೇಲುತ್ತ ಬದುಕಿರುವ ಮನುಷ್ಯನಿಗೂ, ಸರ್ವೈವರ್ ಎಂಬ ಅರ್ಥದಲ್ಲಿ, ಅದೇ ಎರಡಕ್ಷರ ಹಾಕುತ್ತಿದ್ದರಂತೆ. ಶತ್ರುವಿನ ಚಲನೆಯ ವರದಿಗಳನ್ನು ತೂಗಿ ನೋಡುವ ಸುದ್ದಿ ಅಧಿಕಾರಿ, ಒಬ್ಬ ಇಂಗ್ಲೆಂಡಿನವರು, ಚೀಟಿಯನ್ನು ಎರಡು ಸಲ ಓದಿದರು. "ಹಡಗು ಎಂದುಕೊಂಡು ಸುಮ್ಮನಿದ್ದು ಅದು ಮನುಷ್ಯನಾಗಿದ್ದರೆ?" ಎಂದರು. ಅವರ ಮಾತು ಸರಿಯೇ ಇತ್ತು. ಮನುಷ್ಯನೆಂದೇ ಹಿಡಿದು ಮತ್ತೆ ವಿಮಾನ ಕಳಿಸಿದರು, ಮರುದಿನವೂ ಕಳಿಸಿದರು. ಬರೀ ನೀರು. ಕೊನೆಗೆ ನಾನು ಟೈಪು ಮಾಡಬೇಕಾಯಿತು: "ಜೀವದ ದೋಣಿ ಖಾಲಿ. ಬದುಕಿದ್ದವನು ಒಬ್ಬ, ಅನಂತರ ಕಾಣಲಿಲ್ಲ."

ಕೀಲಿಗಳ ಮೇಲೆ ಕೈ ಆಡಲಿಲ್ಲ. ಪಿಂಟೋ ಸಾಹೇಬರು ಬಂದು ನಿಂತರು. ಅದು ನನ್ನ ಗೆಳೆಯನ ಹಡಗು ಎಂದು ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, "ಎಸ್/ವಿ ಹಾಯಿ ಹಡಗೂ ಆಗಿರಬಹುದು. ನನಗೂ ಸಮಾಧಾನ ಇಲ್ಲ ಮಾರಾಯ. ಆದರೆ ಬರೆದವನಿಗೆ ಎಚ್ಚರ ಇಲ್ಲ. ಯಾರನ್ನು ಕೇಳುವುದು?" ಎಂದರು. ವಾಕ್ಯದ ಮುಂದೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ನನ್ನ ರಜೆ ಮೊದಲೇ ಮಂಜೂರಾಗಿತ್ತು. "ಊರಿಗೆ ಹೋಗಿ ಬಾ. ಆದರೆ ಬಾಯಿ ಬಿಡಬೇಡ. ನಿನಗೆ ಗೊತ್ತುಂಟು" ಎಂದರು.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಕೊಪ್ಪಳಕ್ಕೆ ಬರುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಓಣಿಗೆ ಹೋಗದೆ ನೇರ ಬೇವೂರಿಗೆ ಹೋಗಿಬಿಡಬೇಕೆಂದು ಲೆಕ್ಕ ಹಾಕಿದ್ದೆ. ಆದರೆ ಸ್ಟೇಷನ್ನಿನಲ್ಲಿ ನನ್ನನ್ನು ಕಂಡ ಟಾಂಗಾದವನು ಖಾಲಾಗೆ ಹೇಳದೆ ಇರುತ್ತಾನೆಯೇ? ಕಾಣದೆ ಹೋದರೆ ಅದೇ ಒಂದು ಸುದ್ದಿಯಾಗುತ್ತದೆ. ಹೋದೆ.

ಖಾಲಾ ಅಂಗಳದಲ್ಲಿ ಗಾದಿಯ ಮೇಲೆ ಕೂತು ದಬ್ಬಣ ಎಳೆಯುತ್ತಿದ್ದರು. ತಲೆಯ ಮೇಲೆಲ್ಲ ಅರಳಿಯ ಎಳೆ.

"ಬಾ ಬೇಟಾ. ಸೊರಗೀಯಲ್ಲ. ಸಮುದ್ರದ ನೀರು ಹಿಡಿಸವಲ್ದೇನು?"

"ಛಲೋ ಅದೀನಿ ಖಾಲಾ."

"ದಾವೂದನ ಖತ ಬಂದು ಭಾಳ ದಿನ ಆತು."

"ಹಡಗ ಅಂದ್ರ ಹಂಗ ಖಾಲಾ. ದಂಡಿ ಮುಟ್ಟಿದ ಮ್ಯಾಲನ ಕಾಗದ."

ನನ್ನ ಧ್ವನಿ ನನಗೇ ಬೇರೆಯವರದು ಅನ್ನಿಸಿತು. ಅವರು ಒಳಗೆ ಹೋಗಿ ಚಹಾ ತಂದರು. ಕೂತರು. ಮುಖದಲ್ಲಿ ಏನೋ ಸಡಗರವಿತ್ತು.

"ನೀ ಬಂದಿದ್ದು ಛಲೋ ಆತು. ಒಂದು ಮಾತು ಕೇಳಬೇಕಿತ್ತು. ಹಿಟ್ನಾಳದಾಗ ಒಂದು ಹುಡುಗಿ ನೋಡೀನಿ, ದಾವೂದಗ. ಬಾನು ಅಂತ ಹೆಸರು. ಅವರಪ್ಪ ಗಾಜಿನ ಚೂಡಿ ವ್ಯಾಪಾರ ಮಾಡ್ತಾನ. ಒಳ್ಳೆ ಮಂದಿ. ಶುಕ್ರವಾರ ಬಂದು ಮಾತು ಕೊಡ್ರಿ ಅಂದಾರ. ಇವ ಊರಾಗಿಲ್ಲ. ಮಾತು ಕೊಟ್ಟುಬಿಡಲೇನು? ನೀ ಅವನ ದೋಸ್ತ, ನೀ ಹೇಳು."

ಚಹಾದ ಬಸಿ ಕೈಯಲ್ಲಿ ಹಾಗೇ ನಿಂತಿತು. ಹೂಂ ಎಂದರೆ, ಸಮುದ್ರದ ತಳದಲ್ಲಿ ಇರಬಹುದಾದ ಒಬ್ಬನಿಗೆ ಯಾರದೋ ಮನೆಯ ಹುಡುಗಿಯನ್ನು ಕಟ್ಟಿಹಾಕಿದ ಹಾಗೆ. ಬೇಡ ಎಂದರೆ, ಯಾಕೆ ಎಂಬ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಉತ್ತರ, ಅದನ್ನು ಆಡುವಂತಿಲ್ಲ. ಅಷ್ಟೇ ಅಲ್ಲ, ಆ ಉತ್ತರ ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಎರಡು ಅಕ್ಷರ, ಒಂದು ಓರೆಗೆರೆ.

"ಒಂದೀಟು ದಿನ ತಡೀರಿ ಖಾಲಾ" ಎಂದೆ.

"ಯಾಕ? ಹುಡುಗಿ ಬಗ್ಗೆ ಏನರ ಕೇಳೀಯೇನು?"

"ಛೇ, ಹುಡುಗಿದೇನಿಲ್ರಿ."

ಅವರು ನನ್ನ ಮುಖ ನೋಡಿದರು. ನಾನು ಚಹಾ ನೋಡಿದೆ. ಪಕ್ಕದ ಮನೆಯಲ್ಲಿ ಯಾರೋ ಖಾರ ಕುಟ್ಟುತ್ತಿದ್ದರು. ಖಾಲಾ ದಬ್ಬಣವನ್ನು ಗಾದಿಗೆ ಚುಚ್ಚಿಟ್ಟು ಎದ್ದು ನಿಂತರು.

"ನೀ ಏನು ಕೆಲಸ ಮಾಡ್ತಿ ಅಂತ ನಾ ಎಂದೂ ಕೇಳಿಲ್ಲ. ಈಗೂ ಕೇಳಂಗಿಲ್ಲ. ತಡಿ ಅಂದಿ, ತಡೀತೀನಿ. ಹಿಟ್ನಾಳದವರಿಗೆ ಏನರ ನೆಪ ಹೇಳ್ತೀನಿ. ಆದ್ರ ನೀ ಇಲ್ಲಿ ಕುಂದ್ರಬ್ಯಾಡ. ಯಾರನ್ನ ಕೇಳಬೇಕು ಅವರನ್ನ ಹೋಗಿ ಕೇಳು."

ಪಿಂಟೋ ಸಾಹೇಬರ ಕಾನೂನನ್ನೇ ಅವರ ಬಾಯಿಂದ ಕೇಳಿ ನಾನೂ ಎದ್ದೆ.

ಬೇವೂರಿಗೆ ಹೋಗಿ ಅವ್ವನಿಗೆ ಮುಖ ತೋರಿಸಿದೆ. ಹೊಲಕ್ಕೆ ಹೋದರೆ ನಿಲ್ಲಲಾಗಲಿಲ್ಲ, ಕಟ್ಟೆಗೆ ಹೋದರೆ ಕೂರಲಾಗಲಿಲ್ಲ. ಅಕ್ಕನನ್ನು ಕೊಟ್ಟ ಕುಷ್ಟಗಿಗೆ ಹೋಗಿ ಬಾ ಎಂದ ಅಪ್ಪ. ಹೋದೆ, ಅಕ್ಕ ರೊಟ್ಟಿ ತಟ್ಟಿ ಮುಗಿಸುವ ಮೊದಲೇ ಹೊರಟು ನಿಂತೆ. "ಏನಾಗೈತೋ ನಿನಗ, ಹಿಂದ ಪೊಲೀಸರು ಬೆನ್ನು ಹತ್ತಿದಂಗ ಮಾಡ್ತಿ" ಎಂದಳು. ನಾನು ಖಾಲಾಗೆ ಏನನ್ನೂ ಹೇಳಿರಲಿಲ್ಲ. ಹಾಗಂತ ಏನನ್ನೂ ಹೇಳಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ರಜೆ ಇನ್ನೂ ಅರ್ಧ ಉಳಿದಿತ್ತು. ಕೊಪ್ಪಳದಲ್ಲಿ ಬೆಂಗಳೂರಿನ ಕಡೆಯ ಗಾಡಿ ಹಿಡಿದೆ.

ಆಸ್ಪತ್ರೆಯಲ್ಲಿ ಗುರುಬಕ್ಷ್ ಸಿಂಗ್‌ಗೆ ಎಚ್ಚರ ಬಂದಿದೆ ಎಂದು ಬಾಗಿಲಲ್ಲೇ ತಿಳಿಯಿತು. ವಾರ್ಡಿನ ಡಾಕ್ಟರು, "ಸ್ವಲ್ಪವೇ ಮಾತಾಡಿಸು. ಅವನ ಪೈಲಟ್ ಸತ್ತದ್ದನ್ನು ಇನ್ನೂ ಹೇಳಿಲ್ಲ, ನೀನೂ ಹೇಳಬೇಡ" ಎಂದರು. ಎಲ್ಲಿ ಹೋದರೂ ಬಾಯಿ ಕಟ್ಟುವವರೇ ಎಂದುಕೊಂಡು ಒಳಗೆ ಹೋದೆ. ಹುಡುಗನ ಕಾಲಿಗೆ ಕಟ್ಟು, ತಲೆಗೆ ಕಟ್ಟು. ನಾನು ಉರ್ದುವಿನಲ್ಲಿ ಮಾತಾಡಿದ್ದೇ ಅವನ ಮುಖ ಅರಳಿತು.

"ನೀವು ದಳದಿಂದ ಬಂದಿರಾ? ನಮ್ಮ ಪೈಲಟ್‌ನ ಸಾಮಾನು ಮನೆಗೆ ಕಳಿಸಿದಿರಾ?"

ನಾನು ಗಾಬರಿಯಾದೆ. ಅವನೇ ಹೇಳಿದ: "ಡಾಕ್ಟರು ಬೇರೆ ವಾರ್ಡಿನಲ್ಲಿದ್ದಾನೆ ಅನ್ನುತ್ತಾರೆ. ಬೇರೆ ವಾರ್ಡಿನಲ್ಲಿದ್ದರೆ ಅವನು ಇಷ್ಟು ಹೊತ್ತಿಗೆ ಬೈದು ಚೀಟಿ ಕಳಿಸುತ್ತಿದ್ದ. ನನಗೆ ಗೊತ್ತಾಗಿದೆ. ಪಾಪ, ಡಾಕ್ಟರಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ."

ಅವನ ಕೈ ಹಿಡಿದೆ. ಆಮೇಲೆ ಕೇಳಿದೆ. ನೀವು ಬರೆದ ಎಸ್/ವಿ ಯಾವುದು, ಮನುಷ್ಯನೋ ಹಡಗೋ?

"ಹಡಗು" ಎಂದ, ಇದೇನು ಕೇಳುವ ಮಾತೇ ಎಂಬಂತೆ. "ದೊಡ್ಡ ಹಾಯಿ, ಅದಕ್ಕೊಂದು ಬೇರೆ ಬಣ್ಣದ ತೇಪೆ. ನಾವು ಕೆಳಗಿಳಿದು ಎರಡು ಸುತ್ತು ಹಾಕಿದೆವು. ಅದರ ಮೇಲೆ ಮಂದಿ ಕಿಕ್ಕಿರಿದಿದ್ದರು. ಕೈ ಬೀಸಿದರು. ದೋಣಿಯಲ್ಲಿದ್ದವರನ್ನು ಆ ಹಡಗಿನವರೇ ಎತ್ತಿಕೊಂಡಿದ್ದರು."

"ಅದನ್ನು ಬರೆದಿಲ್ಲವಲ್ಲ ನೀವು."

"ಎಂಜಿನ್ ಕೆಮ್ಮಲು ಶುರುವಾಗಿತ್ತು. ಇಳಿದ ಮೇಲೆ ಬಾಯಲ್ಲೇ ಹೇಳೋಣ ಅಂದುಕೊಂಡೆ." ಕಣ್ಣು ಮುಚ್ಚಿದ. ಮತ್ತೆ ತೆರೆದು, "ಯಾಕೆ, ಅವರು ದಂಡೆ ಮುಟ್ಟಲಿಲ್ಲವೇ?" ಎಂದ.

ಡಾಕ್ಟರನ್ನು ಕರೆತಂದು ಅವರೆದುರಿಗೇ ಇನ್ನೊಮ್ಮೆ ಹೇಳಿಸಿದೆ. ಅವರು ಅದನ್ನು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿ, ಆಸ್ಪತ್ರೆಯ ಮೂಲಕ ನಮ್ಮ ದಳಕ್ಕೆ ತಂತಿ ಹೊಡೆಸಿದರು. ನಾನೂ ಅದರ ಬೆನ್ನಿಗೇ ದಳಕ್ಕೆ ಹೊರಟೆ. ನಾನು ಮುಟ್ಟುವಷ್ಟರಲ್ಲಿ ಸುದ್ದಿ ಅಧಿಕಾರಿ ಕೆಲಸ ಶುರು ಮಾಡಿದ್ದರು. ಕರಾವಳಿಯ ಚಿಕ್ಕ ದೊಡ್ಡ ಬಂದರು, ಪೊಲೀಸ್ ನಾಕೆಗಳಿಗೆಲ್ಲ ಕೇಳಿಕೆ ಹೋಗಿತ್ತು. ಅವರು ನನ್ನನ್ನು ಕಂಡು, "ನೀನು ರಜೆಯಲ್ಲಿ ಇದ್ದೆಯಲ್ಲ?" ಎಂದರು. "ಇದ್ದೆ ಸರ್" ಎಂದೆ. ತಲೆಯಾಡಿಸಿ ಮುಂದೆ ಹೋದರು.

ಉತ್ತರಕ್ಕೆ ಕಾಯುವ ಆ ದಿನಗಳಲ್ಲಿ ನಾನು ಕಚೇರಿಯ ಇಡೀ ನೆಲ ಸವೆಸಿದೆ. ಸುಂದರಂ ಕುರ್ಚಿ ತಂದು ಕೊಟ್ಟರೆ ಅದನ್ನು ಸುತ್ತುತ್ತಿದ್ದೆ. ಒಂದು ಬಂದರಿನಿಂದ ಇಲ್ಲ ಎಂದು ಬಂತು, ಇನ್ನೊಂದರಿಂದ ಇಲ್ಲ ಎಂದು ಬಂತು. ಕೊನೆಗೆ ಒಂದು ಮೀನುಗಾರರ ಹಳ್ಳಿಯ ಹತ್ತಿರದ ನಾಕೆಯಿಂದ ಉತ್ತರ ಬಂತು. ಗಾಳಿ ಬಿದ್ದು ದಿಕ್ಕು ತಪ್ಪಿದ ಪತ್ತೇಮಾರಿಯೊಂದು ಅಲ್ಲಿ ಬಂದು ನಿಂತಿತ್ತು. ಅದರಿಂದ ಇಳಿದವರ ಮೈಮೇಲೆ ಅಂಗಿಯಿಲ್ಲ, ಕೈಯಲ್ಲಿ ಕಾಗದವಿಲ್ಲ, ಆಡುವ ಭಾಷೆ ಊರವರಿಗೆ ತಿಳಿಯದು. ಯುದ್ಧಕಾಲ. ಶತ್ರುವಿನ ಕಡೆಯವರೋ ಏನೋ ಎಂದು ಪೊಲೀಸರು ಅವರನ್ನು ಉಗ್ರಾಣದಲ್ಲಿ ಕೂಡಿಹಾಕಿ ಮೇಲಿನವರ ಹುಕುಮಿಗಾಗಿ ಕಾಯುತ್ತಿದ್ದರು. ಹೆಸರುಗಳನ್ನು ಕಳಿಸಿದ್ದರು. ಪಿಂಟೋ ಸಾಹೇಬರು ಬೆರಳಿಟ್ಟು ಇಳಿಯುತ್ತ ಬಂದು ಒಂದು ಕಡೆ ನಿಲ್ಲಿಸಿದರು.

"ದಾವೂದ್. ಊರು ಕೊಪ್ಪಳ. ನೋಡು, ಕಾಗುಣಿತ ತಪ್ಪಿದ್ದಾರೆ" ಎಂದರು.

ಖಾಲಾಗೆ ಹೇಗೆ ತಿಳಿಸುವುದು? ಹಡಗು ಮುಳುಗಿದ್ದೇ ಗುಟ್ಟು, ಅವನು ಬದುಕಿದ್ದೂ ಗುಟ್ಟೇ. ತಂತಿಯ ನಮೂನೆಯ ಮೇಲೆ ಬರೆದು ಪಿಂಟೋ ಸಾಹೇಬರ ಮುಂದೆ ಇಟ್ಟೆ. ಹೊರಗೆ ಹೋಗುವ ಪ್ರತಿ ಮಾತಿಗೂ ಅವರ ಸಹಿ ಬೇಕು.

"ಹಿಟ್ನಾಳದವರಿಗೆ ಮಾತು ಕೊಡಿ" ಎಂದು ಓದಿದರು. "ಇದೆಂತ ಮಾರಾಯ, ಸಂಕೇತವಾ?"

"ಮದಿವಿ ಮಾತ್ರಿ ಸಾಹೇಬ್ರ. ಹುಡುಗಿ ಮನಿಯವರು ಕಾಯಾಕತ್ಯಾರ."

"ಹಡಗಿನ ವಿಷಯ ಎಂತದೂ ಇಲ್ಲ?"

"ಒಂದಕ್ಷರ ಇಲ್ರಿ."

ಅವರು ಅದನ್ನು ಇನ್ನೊಮ್ಮೆ ಓದಿದರು, ನನ್ನನ್ನು ನೋಡಿದರು, ಸಹಿ ಹಾಕಿದರು. "ಇದನ್ನು ನಾನು ಬಿಡಿಸುವುದಿಲ್ಲ" ಎಂದರು.

ಆಮೇಲೆ ಅವರು ನಮ್ಮ ಕೆಲಸದ ರೀತಿ ಬದಲಿಸಿದರು. ಯಾವ ಎರಡಕ್ಷರಕ್ಕೆ ಏನರ್ಥ ಎಂದು ದೊಡ್ಡದಾಗಿ ಬರೆಸಿ, ವಿಮಾನ ಏರುವವರು ಹಾದುಹೋಗುವ ಬಾಗಿಲಿಗೇ ಹಚ್ಚಿಸಿದರು. ಬೇರೆ ದಳದಿಂದ ಬಂದವರು ಅದನ್ನು ಓದಿ ಹೇಳದೆ ಮೊದಲ ಹಾರಾಟಕ್ಕೆ ಹೋಗುವಂತಿರಲಿಲ್ಲ. ನೀರಿನಲ್ಲಿ ಮನುಷ್ಯ ಕಂಡರೆ ಸಂಕ್ಷೇಪ ಕೂಡದು, ಪೂರ್ತಿ ಬರೆಯಬೇಕು ಎಂಬುದು ಕೆಳಗೆ ಕೆಂಪು ಶಾಯಿಯಲ್ಲಿತ್ತು. ಮನುಷ್ಯನನ್ನು ಎರಡಕ್ಷರ ಮಾಡಬೇಡಿ ಎಂದು ನಾನು ಮುಂದೆ ನನ್ನ ಕೈಕೆಳಗಿನವರಿಗೆ ಹೇಳುತ್ತ ಬಂದೆ. ಅದು ನನ್ನ ಮಾತಲ್ಲ, ಅವರದು.

ದಾವೂದನನ್ನು ನಾನು ಕಂಡದ್ದು ಅವನ ನಿಕಾಹ್ ಮುಗಿದ ಮೇಲೆ. ಕೊಪ್ಪಳದ ಅದೇ ಅಂಗಳ. ಬಾನು ಒಳಗೆ ರೊಟ್ಟಿ ತಟ್ಟುತ್ತಿದ್ದಳು. ದಾವೂದ ತೆಳ್ಳಗಾಗಿದ್ದ, ಹೆಗಲ ಮೇಲೆ ಸುಟ್ಟ ಕಲೆಯಿತ್ತು. ಹಡಗಿನಿಂದ ಎರಡು ದೋಣಿ ಇಳಿದಿದ್ದವಂತೆ. ಅವನದಕ್ಕೆ ಪತ್ತೇಮಾರಿ ಸಿಕ್ಕಿತು. ಇನ್ನೊಂದು ಅಲೆಗಳ ನಡುವೆ ಒಂದೆರಡು ಸಲ ಕಂಡು ಆಮೇಲೆ ಕಾಣಲಿಲ್ಲ. ಅದರಲ್ಲಿ ಅವನ ಜೊತೆ ಬಾಯ್ಲರಿನ ಮುಂದೆ ನಿಂತು ದುಡಿದವರಿದ್ದರು.

"ನಿಮ್ಮ ವಿಮಾನ ಬಂದಾಗ ನಾವು ಕೈ ಬೀಸಿದ್ದು ಆ ದೋಣಿ ಕಡೆ ತೋರಿಸಾಕ" ಎಂದ. "ಅತ್ತಾಗ ನೋಡ್ರಿ, ಅತ್ತಾಗ ನೋಡ್ರಿ ಅಂತ ಒದರಿದ್ವಿ. ಮ್ಯಾಲಿನವರಿಗೆ ಏನು ಕೇಳತೈತಿ?"

ಗುರುಬಕ್ಷ್ ಸಿಂಗ್‌ಗೆ ಇದನ್ನು ನಾನು ಬರೆಯಲಿಲ್ಲ. ನಮ್ಮ ದಿನವಹಿಯಲ್ಲಿ ಆ ಎರಡನೇ ದೋಣಿಗೆ ಒಂದು ಗೆರೆಯೂ ಇಲ್ಲ. ಕಾಣದ್ದನ್ನು ಯಾರೂ ಬರೆಯುವುದಿಲ್ಲ. ಎಷ್ಟು ಚೆನ್ನಾಗಿ ಬಿಡಿಸಿದರೂ ದಾಖಲೆಯ ಹೊರಗೆ ಮಂದಿ ಉಳಿದೇ ಇರುತ್ತಾರೆ. ಈ ಕೆಲಸದಲ್ಲಿ ನನಗೆ ಎಂದೂ ನೆಮ್ಮದಿ ಸಿಗದೆ ಹೋದದ್ದು ಅದರಿಂದ. ನಿಮಗೂ ಸಿಗದಿರಲಿ ಎಂದೇ ಹಾರೈಸುತ್ತೇನೆ, ಕೆಟ್ಟದ್ದೆಂದುಕೊಳ್ಳಬೇಡಿ.

ಕೆಲವು ತಿಂಗಳಿಗೆ ದಾವೂದ ಮತ್ತೆ ಹಡಗಿಗೆ ಹೊರಟ. ಯುದ್ಧ ಇನ್ನೂ ಮುಗಿದಿರಲಿಲ್ಲ. ಯಾಕೆ ಹೋಗುತ್ತೀ ಎಂದು ನಾನು ಕೇಳಿದ್ದಕ್ಕೆ, "ಇಲ್ಲಿ ನೆಲ ಅಲಗಾಡವಲ್ದು, ನಿದ್ದಿ ಬರಂಗಿಲ್ಲ" ಎಂದ. ಅವತ್ತು ನಾನೂ ರಜೆ ಮುಗಿಸಿ ಕೆಲಸಕ್ಕೆ ಮರಳುವವನಿದ್ದೆ. ಸ್ಟೇಷನ್ನಿಗೆ ಅವನ ಗಾಡಿ ಮೊದಲು ಬಂತು. ಅದು ಹೊರಟು ತಿರುವಿನಲ್ಲಿ ಮರೆಯಾದ ಮೇಲೆ ಬಾನು ಸೆರಗಿನಿಂದ ಮುಖ ಒರೆಸಿಕೊಂಡಳು. ಖಾಲಾ ಅಳಲಿಲ್ಲ. ನನ್ನ ತೋಳು ಹಿಡಿದು ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋದರು.

"ಹಿಂದಿನ ಸಲ ನೀ ಮಾತು ಕೊಡ್ರಿ ಅಂತ ಹೇಳಿಕಳಿಸಿದಿ, ನಾ ಕೊಟ್ಟೆ. ಈಗ ನೀ ನನಗೊಂದು ಮಾತು ಕೊಡು. ಇನ್ನ ಮ್ಯಾಲೆ ಇವನ ಹಡಗದ್ದು ಏನರ ಬಂದ್ರ, ಛಲೋದಿರಲಿ ಕೆಟ್ಟದ್ದಿರಲಿ, ಮೊದಲು ನನಗ ಹೇಳು. ಸರಕಾರಕ್ಕ ಆಮ್ಯಾಲ ಹೇಳುವಂತಿ."

ಸಹಿ ಹಾಕಿಕೊಟ್ಟಿದ್ದು ನೆನಪಾಯಿತು. ಅವರ ಕೈ ಇನ್ನೂ ನನ್ನ ತೋಳಿನ ಮೇಲಿತ್ತು.

"ಆಗಲಿ ಖಾಲಾ" ಎಂದೆ.